ಟೆಂಡರ್ ಆದ ಮೇಲೆ ತೊಯ್ದ ಮೆಣಸಿನಕಾಯಿ ಯಾರದು?

ಮಾನ್ಯ ಸಂಪಾದಕರೇ,

ಅಕಾಲಿಕ ಮಳೆಗೆ ಮಾರುಕಟ್ಟೆ ಪ್ರಾಂಗಣದಲ್ಲಿ ಒಣಮೆಣಸಿನಕಾಯಿ ಚೀಲ ತೊಯ್ದಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ತಲೆಬರಹ: ‘ರೈತರಿಗೆ ನಷ್ಟ’. ಮಳೆ ಬಂದ ಹೊತ್ತಿಗೆ ಆ ಚೀಲಗಳು ಇನ್ನೂ ರೈತರದೇ ಆಗಿದ್ದವಾ ಅಂತ ಯಾರೂ ಕೇಳುವುದಿಲ್ಲ. ನಾನು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಈ ಪ್ರಶ್ನೆ ನನ್ನ ಕಣ್ಣೆದುರೇ ಎದ್ದಿತ್ತು. ಯಾವ ಊರಿನ ಮಾರುಕಟ್ಟೆ ಎಂದು ಬರೆಯುವುದಿಲ್ಲ. ನಮ್ಮ ಕಡೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ ಕಥೆ.

ಕಳೆದ ಹಂಗಾಮಿನಲ್ಲಿ ಕುಂದಗೋಳ ಕಡೆಯ ರೈತರೊಬ್ಬರು 22 ಚೀಲ ಬ್ಯಾಡಗಿ ಕಡ್ಡಿ ತಳಿಯ ಮೆಣಸಿನಕಾಯಿ ತಂದಿದ್ದರು. ಖರೀದಿದಾರರು ಆನ್‌ಲೈನ್‌ನಲ್ಲಿ ದರ ನಮೂದಿಸುವ ಇ-ಟೆಂಡರ್‌ನಲ್ಲಿ ಕ್ವಿಂಟಲ್‌ಗೆ 18,500 ರೂಪಾಯಿ ಬಿತ್ತು. ರೈತರು ಒಪ್ಪಿದರು. ತೂಕ ಮಾತ್ರ ಆಗಲಿಲ್ಲ. ಅವತ್ತು ಆವಕ (ಮಾರುಕಟ್ಟೆಗೆ ಬಂದ ಮಾಲು) ಜಾಸ್ತಿ, ಹಮಾಲರು ಬೇರೆ ಸಾಲಿನಲ್ಲಿದ್ದರು. ‘ನಾಳೆ ಮುಂಜಾನೆ ಮಾಡೋಣ್ರಿ’ ಎಂದು ಖರೀದಿದಾರರ ಕಡೆಯವರು ಹೊರಟುಹೋದರು. ರಾತ್ರಿ ಮಳೆ ಸುರಿದು ಕೆಳಗಿನ ಚೀಲಗಳಿಗೆ ನೀರು ಹತ್ತಿತು. ಬೆಳಿಗ್ಗೆ ಖರೀದಿದಾರರ ಕಡೆಯ ಅದೇ ಮನುಷ್ಯ ಬಂದು ಚೀಲದೊಳಗೆ ಕೈ ಹಾಕಿ, ‘ತೊಯ್ದೈತ್ರೀ, ಹದಿನಾಲ್ಕಕ್ಕ ಆದ್ರ ತಗೋತೀವಿ’ ಎಂದ. ರೈತರು ಕೇಳಿದರು: ‘ನಿನ್ನೇನ ಮಾರೇನಲ್ರೀ, ಇವತ್ತ ಮತ್ತ ನಂದು ಹೆಂಗಾತು?’

ಉತ್ತರ ಯಾರ ಹತ್ತಿರವೂ ಇರಲಿಲ್ಲ. 14,000ಕ್ಕೇ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಆಯಿತು. ಬರೆದವನು ನಾನೇ.

ಆಮೇಲೆ ಪರಿಚಯದ ವಕೀಲರೊಬ್ಬರನ್ನು ಹಿಡಿದು ಕೂರಿಸಿಕೊಂಡು ಕೇಳಿದೆ. ಇದಕ್ಕೆಂದೇ 1930ರ ಸರಕು ಮಾರಾಟ ಕಾಯ್ದೆ ಇದೆ. ಅದರ 26ನೇ ಕಲಂ ಹೇಳುವುದು ಇಷ್ಟು: ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲು ಯಾರದೋ ನಷ್ಟವೂ ಅವರದೇ. ಮಾಲು ಯಾರ ಅಂಗಳದಲ್ಲಿ ಬಿದ್ದಿದೆ ಎನ್ನುವುದು ಮುಖ್ಯವಲ್ಲ. ಹಾಗಾದರೆ ಮಾಲು ಖರೀದಿದಾರನದಾಗುವುದು ಯಾವಾಗ? 20ನೇ ಕಲಂ ಪ್ರಕಾರ, ಕಣ್ಣೆದುರು ಇರುವ, ಒಯ್ಯಲು ತಯಾರಾದ ಮಾಲಿನ ವ್ಯಾಪಾರ ಕುದುರಿದ ಕ್ಷಣವೇ ಅದು ಕೊಂಡವನದು. ದುಡ್ಡು ನಾಳೆ ಬರಲಿ, ಮಾಲು ನಾಡಿದ್ದು ಎತ್ತಲಿ, ಅದು ಬೇರೆ ಮಾತು.

ಇಲ್ಲಿ ನಮ್ಮ ಬಹಳ ರೈತರು ಉಲ್ಟಾ ತಿಳಿದಿದ್ದಾರೆ. ‘ರೊಕ್ಕ ಬಂದಿಲ್ಲ, ಅಂದ್ಮೇಲೆ ಮಾಲು ನಮ್ದೇ’ ಎನ್ನುತ್ತಾರೆ. ಹಾಗಲ್ಲ. ರೊಕ್ಕ ಬರುವವರೆಗೆ ಮಾಲನ್ನು ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುವ ಹಕ್ಕು ಮಾರಿದವರಿಗಿದೆ, 47ನೇ ಕಲಂ ಅದನ್ನು ಕೊಡುತ್ತದೆ. ಉದ್ರಿಗೆ ಒಪ್ಪಿ ಕೊಟ್ಟಿದ್ದರೆ, ಹೇಳಿದ ಗಡುವು ಮುಗಿಯುವವರೆಗೆ ಅದೂ ಇಲ್ಲ. ಲಾರಿಗೆ ಏರಿಸಿ ಕಳಿಸಿಬಿಟ್ಟ ಮೇಲೆ ಸಾಮಾನ್ಯವಾಗಿ ಉಳಿಯುವುದು ಬಾಕಿ ವಸೂಲಿಯ ಹಕ್ಕು ಅಷ್ಟೇ.

20ನೇ ಕಲಂ ಓದಿದರೆ ಆ 22 ಚೀಲ ಖರೀದಿದಾರನದೇ ಅನ್ನಿಸುತ್ತದೆ, ಅಲ್ವಾ? ನನಗೂ ಖುಷಿಯಾಯಿತು. ವಕೀಲರು ನಕ್ಕು 22ನೇ ಕಲಂ ತೆಗೆದರು. ಬೆಲೆ ಎಷ್ಟೆಂದು ಗೊತ್ತಾಗಲು ಮಾರುವವನು ಇನ್ನೂ ತೂಗಬೇಕೋ ಅಳೆಯಬೇಕೋ ಇದ್ದರೆ, ಅದು ಮುಗಿದು ಕೊಂಡವನಿಗೆ ತಿಳಿಯುವವರೆಗೆ ಮಾಲು ಮಾರುವವನದೇ. ನಮ್ಮದು ಕ್ವಿಂಟಲ್ ಲೆಕ್ಕದ ವ್ಯಾಪಾರ. ತೂಗದೆ ಪಟ್ಟಿ ಇಲ್ಲ. 1809ರಲ್ಲಿ ಇಂಗ್ಲೆಂಡಿನಲ್ಲಿ ಇಂಥದೇ ಖಟ್ಲೆ ನಡೆದಿತ್ತಂತೆ. ಮೇಕೆ ಚರ್ಮದ ಮೂಟೆಗಳು, ಡಜನ್ ಲೆಕ್ಕದ ಬೆಲೆ, ಎಣಿಸಿ ಕೊಡುವ ಕೆಲಸ ಮಾರಿದವನದು. ಎಣಿಸುವ ಮೊದಲೇ ಬೆಂಕಿ ಬಿತ್ತು. ನಷ್ಟ ಮಾರಿದವನ ಪಾಲಿಗೆ ಹೋಯಿತು. ಆದರೆ 1863ರ ಇನ್ನೊಂದು ಖಟ್ಲೆಯಲ್ಲಿ ಮಣ್ಣಿನ ರಾಶಿಯನ್ನು ಒಯ್ದು ತೂಗಿಸಬೇಕಾದವನು ಕೊಂಡವನೇ ಆಗಿದ್ದ. ಅಲ್ಲಿ ತೂಕಕ್ಕೆ ಮೊದಲೇ ಮಾಲು ಅವನದಾಯಿತು ಎಂದರು.

ಅಂದರೆ ತೂಗಬೇಕಾದವರು ಯಾರು ಎನ್ನುವುದರ ಮೇಲೆ ಎಲ್ಲ ನಿಂತಿದೆ. ನಮ್ಮಲ್ಲಿ ಕಾಟಾ ಮುಂದೆ ನಿಲ್ಲುವವರು ಲೈಸೆನ್ಸ್ ಇರುವ ತೂಕದವರು. ಚೀಲ ಎತ್ತುವವರು ಹಮಾಲರು. ‘ಈಗ ಬರ್ರಿ’ ಎನ್ನುವುದು ಖರೀದಿದಾರರ ಕಡೆಯವರು. ರೈತರು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಾರೆ. ತೂಗಿಸುವುದು ಅವರ ಕೈಯಲ್ಲೇ ಇಲ್ಲದಿರುವಾಗ ತೂಕ ಆಗದ್ದಕ್ಕೆ ಅವರು ತೆರಬೇಕು ಎಂದರೆ ಯಾವ ನ್ಯಾಯ? 26ನೇ ಕಲಂನಲ್ಲೇ ಇನ್ನೊಂದು ಮಾತಿದೆ. ಒಬ್ಬರ ತಪ್ಪಿನಿಂದ ಮಾಲು ಎತ್ತುವುದು ತಡವಾಗಿ, ಆ ತಡದಿಂದ ನಷ್ಟವಾದರೆ, ಅದು ತಪ್ಪು ಮಾಡಿದವರದೇ. ಆ ರೈತರಿಗೆ ಇದೊಂದು ಒಳ್ಳೆಯ ದಾರಿಯಾಗಿತ್ತು. ಆದರೆ ತೋರಿಸುವುದು ಹೇಗೆ? ಯಾವ ಚೀಟಿಯಲ್ಲೂ ಗಂಟೆ ಬರೆದಿರಲಿಲ್ಲ.

ಖರೀದಿದಾರರನ್ನು ಪೂರ್ತಿ ಬೈಯಲಾರೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ತೊಯ್ದರೆ ಬೂಸು ಹಿಡಿಯುತ್ತದೆ, ಬಣ್ಣ ಹೋಗುತ್ತದೆ. ತೂಕ ಬರಲಿ ಅಂತ ನೀರು ಚಿಮುಕಿಸಿ ತರುವವರೂ ಇದ್ದಾರೆ, ಸುಮ್ನೆ ಮುಚ್ಚಿಡುವುದೇಕೆ. ದಲಾಲಿ ಅಂಗಡಿಗೂ ಜವಾಬ್ದಾರಿ ಇದೆ. ನಂಬಿ ಇಟ್ಟ ಮಾಲನ್ನು ಜೋಪಾನ ಮಾಡುವುದು ಮಾಲು ಯಾರದಾದರೂ ನಮ್ಮ ಕೆಲಸವೇ. ತಾಡಪತ್ರಿ ಹೊದಿಸಲು ಆ ರಾತ್ರಿ ಒಬ್ಬ ಆಳೂ ಇರಲಿಲ್ಲ. ಇದನ್ನು ಬರೆದಿದ್ದಕ್ಕೆ ನಮ್ಮ ಮಾಲೀಕರಿಗೆ ಖುಷಿಯಾಗಲಿಕ್ಕಿಲ್ಲ.

ಕಾಯ್ದೆ ಬದಲಾಗಬೇಕು ಎಂದು ನಾನು ಕೇಳುತ್ತಿಲ್ಲ. ಮಾಲು ಯಾವಾಗ ಯಾರದಾಗಬೇಕು, ನಷ್ಟ ಯಾವಾಗಿನಿಂದ ಯಾರದು ಎಂದು ಮಾತಾಡಿಕೊಳ್ಳಲು ಈ ಕಾಯ್ದೆಯೇ ಬಿಟ್ಟಿದೆ. 20, 22ನೇ ಕಲಂಗಳೆಲ್ಲ ನಾವು ಬಾಯಿ ಬಿಡದಿದ್ದಾಗ ಬರುವ ನಿಯಮಗಳು. ಹಾಗಾಗಿ ಟೆಂಡರ್ ಚೀಟಿಯ ಮೇಲೆ ಒಂದು ಸಾಲು ಹಾಕಿಸಿ: ರೈತರು ದರ ಒಪ್ಪಿದ ಗಂಟೆ ಇಂಥದ್ದು, ತೂಗಿಸುವ ಹೊಣೆ ಖರೀದಿದಾರರದು, ಅವತ್ತು ಸಂಜೆ ಇಷ್ಟು ಗಂಟೆ ದಾಟಿದರೆ ತೂಕ ಆಗಿರಲಿ ಬಿಡಲಿ ನಷ್ಟವೂ ಅವರದೇ. ಹೀಗೆ ಬರೆದರೆ ಖರೀದಿದಾರರು ತಮ್ಮ ವಿಮೆಯಲ್ಲಿ ಕಟ್ಟೆ ಮೇಲಿನ ಮಾಲನ್ನೂ ಸೇರಿಸಿಕೊಳ್ಳುವುದನ್ನು ಯೋಚಿಸುತ್ತಾರೆ. ಹಮಾಲರನ್ನು ಕರೆಯಲು ಅವರೇ ಓಡಾಡುತ್ತಾರೆ. ರಾತ್ರಿ ತೂಕಕ್ಕೆ ಹಮಾಲರಿಗೆ ಜಾಸ್ತಿ ಕೂಲಿ ಕೊಡಬೇಕಾಗುತ್ತದೆ, ಅದನ್ನೂ ಈಗಲೇ ಮಾತಾಡಿ ಮುಗಿಸಲಿ.

ಮಾರುಕಟ್ಟೆ ಸಮಿತಿಗಳು ಖರೀದಿದಾರರನ್ನೂ ರೈತರನ್ನೂ ಕೂರಿಸಿಕೊಂಡು ಜನವರಿಯಲ್ಲಿ ಆವಕ ಏರುವ ಮೊದಲೇ ಇದನ್ನು ತೀರ್ಮಾನಿಸಲಿ.

– ಒಬ್ಬ ದಲಾಲಿ ಅಂಗಡಿ ಗುಮಾಸ್ತ, ಉತ್ತರ ಕರ್ನಾಟಕ