ಜುಲೈಯಿಂದ ಲಾಲ್‌ಬಾಗಿನಲ್ಲಿ ಏಳೇ ಮರ: ನಮ್ಮ ಜೊತೆ ನಡೆಯುವವರಿಗೆ ಒಂದು ಪತ್ರ

ಪ್ರೀತಿಯ ಗೆಳೆಯರೇ,

ನಮ್ಮ ಲಾಲ್‌ಬಾಗ್ ನಡಿಗೆಗೆ ಬಂದು ಹೋದವರಿಗೆ, ಮುಂದಿನ ತಿಂಗಳಿಗೆ ಆಗಲೇ ದುಡ್ಡು ಕಟ್ಟಿರುವವರಿಗೆ ಈ ಪತ್ರ. ವಿಷಯ ಮೊದಲೇ ಹೇಳಿಬಿಡುತ್ತೇವೆ. ಇಷ್ಟು ದಿನ ಎರಡೂವರೆ ಗಂಟೆಯಲ್ಲಿ ಬಂಡೆ, ಗಾಜಿನ ಮನೆ, ಕೆರೆ, ನಡುನಡುವೆ 30 ಮರ ತೋರಿಸುತ್ತಿದ್ದೆವು. ಜುಲೈಯಿಂದ 7 ಮರ ಮಾತ್ರ. ಪ್ರತಿ ತಿಂಗಳೂ ಅದೇ 7 ಮರ, ಒಂದು ವರ್ಷ ಪೂರ್ತಿ. ಒಂದು ಗುಂಪಿಗೆ 12 ಜನಕ್ಕಿಂತ ಜಾಸ್ತಿ ಇರುವುದಿಲ್ಲ.

ಕಾರಣ ಹೇಳುತ್ತೇವೆ.

ಮಾರ್ಚ್ ತಿಂಗಳ ನಡಿಗೆಗೆ 34 ಜನ ಬಂದಿದ್ದರು. ನಾಗಲಿಂಗ ಮರದ ಹತ್ತಿರ ನಮ್ಮ ಮಾತು ಮುಗಿಯಿತು, ಎಲ್ಲರೂ ಮುಂದೆ ಹೊರಟರು. ವಯಸ್ಸಾದ ಒಬ್ಬರು ಮಾತ್ರ ಅಲ್ಲೇ ನಿಂತುಬಿಟ್ಟರು. ಒಂದು ಕಪ್ಪು ದುಂಬಿ ಹೂವಿನೊಳಗೆ ಹೋಗಿತ್ತು, ಅದು ಹೊರಗೆ ಬರುವುದನ್ನು ಕಾಯುತ್ತಿದ್ದರು. ನಾವು ಮೂರು ಸಲ ಕೂಗಿ ಕರೆದೆವು, ಇನ್ನೂ 19 ಮರ ಬಾಕಿ ಇತ್ತಲ್ಲ. ಪಾಪ, ಬಂದರು. ಹೊರಡುವಾಗ ಅವರು ಹೇಳಿದ್ದು, ಬೆಳಗ್ಗೆಯಿಂದ ಕೇಳಿದ್ದರಲ್ಲಿ ಏನೂ ನೆನಪಿಲ್ಲ, ಆ ದುಂಬಿ ಮಾತ್ರ ಕಣ್ಣ ಮುಂದೆ ಇದೆ, ಅದು ಹೊರಗೆ ಬಂತೋ ಇಲ್ಲವೋ ನೋಡಬೇಕಿತ್ತು ಅಂತ. ಬೇಜಾರಿನಿಂದ ಹೇಳಲಿಲ್ಲ. ಆದರೆ ನಮಗೆ ಅದು ತುಂಬಾ ದಿನ ಕಾಡಿತು. ಮರ ತೋರಿಸುತ್ತೇವೆ ಅಂತ ಕರೆದುಕೊಂಡು ಬಂದು, ನೋಡುತ್ತಿದ್ದವರನ್ನು ನಾವೇ ಎಬ್ಬಿಸಿಕೊಂಡು ಹೋದೆವು.

ಆ ದುಂಬಿ ಏನು ಮಾಡುತ್ತಿತ್ತು ಅಂತ ಹೇಳಲೇಬೇಕು. ನಾಗಲಿಂಗದ ಹೂವು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಕಾಂಡದಿಂದಲೇ ಜೋತುಬೀಳುವ ಗೊಂಚಲಲ್ಲಿ ಬಿಡುತ್ತದೆ. ದಪ್ಪ ದಪ್ಪ ಎಸಳು, ಹೊರಗೆ ಹಳದಿ ಛಾಯೆ, ಒಳಗೆ ಕೆಂಪು. ಮಧ್ಯದಲ್ಲಿ ಕೇಸರಗಳ ಒಂದು ಉಂಗುರ, ಅದರ ಮೇಲೆ ಬಾಗಿದ ಹೆಡೆ. ಲಿಂಗದ ಮೇಲೆ ನಾಗ ಹೆಡೆ ಎತ್ತಿದ ಹಾಗೆ ಕಾಣುವುದರಿಂದಲೇ ನಮ್ಮ ಜನ ಆ ಹೆಸರು ಇಟ್ಟುಕೊಂಡಿದ್ದು. ಮರ ಮಾತ್ರ ದಕ್ಷಿಣ ಅಮೆರಿಕದ್ದು. ಈ ಹೂವಿನಲ್ಲಿ ಮಕರಂದ ಇಲ್ಲ, ಇರುವುದೆಲ್ಲ ಪರಾಗ, ಅದೂ ಎರಡು ಥರ. ಹೆಡೆಯಲ್ಲಿರುವುದು ದುಂಬಿಯ ಊಟಕ್ಕೆ. ಉಂಗುರದಲ್ಲಿರುವುದು ಕಾಯಿ ಕಟ್ಟಲು. ದುಂಬಿ ಹೆಡೆಯ ಕಡೆ ತಿನ್ನುತ್ತಾ ಇರುವಾಗ ಅದರ ಬೆನ್ನಿಗೆ ಉಂಗುರದ ಪುಡಿ ಅಂಟಿಕೊಳ್ಳುತ್ತದೆ, ಅದನ್ನೇ ಹೊತ್ತುಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಹತ್ತು ನಿಮಿಷ ಸುಮ್ನೆ ನಿಂತರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ನಾವು ಆ ಮರಕ್ಕೆ ಕೊಡುತ್ತಿದ್ದದ್ದು ಮೂರು ನಿಮಿಷ.

ಅಷ್ಟೇ ಅಲ್ಲ. ಹೂವು ಒಂದೇ ದಿನದ್ದು, ಸಂಜೆ ಹೊತ್ತಿಗೆ ಬುಡದಲ್ಲಿ ಬಿದ್ದಿರುತ್ತದೆ. ಫಿರಂಗಿ ಗುಂಡಿನಂಥ ಆ ಕಾಯಿ ಬಲಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಒಂದು ಭಾನುವಾರ ಬಂದು ಹೋದವರಿಗೆ ಇದರಲ್ಲಿ ಎಷ್ಟು ಸಿಗುತ್ತದೆ ಹೇಳಿ?

ನಮ್ಮ ಊರಿನ ಮರಗಳನ್ನು ನೆಟ್ಟಿದ್ದೇ ವರ್ಷದ ಲೆಕ್ಕದಲ್ಲಿ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಇದು, ಟಿಪ್ಪು ಬೆಳೆಸಿದ. 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಒಂದು ಯೋಚನೆ ಕೊಟ್ಟರು: ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗಬೇಕು, ವರ್ಷವಿಡೀ ಊರಲ್ಲಿ ಎಲ್ಲೋ ಒಂದು ಕಡೆ ಬಣ್ಣ ಇರಬೇಕು. ಈಗಲೂ ಹಳದಿ ಟಬೆಬುಯಾ ಮುಗಿಯುತ್ತಾ ಬಂದ ಹಾಗೆ ಜಕರಾಂಡ ನೀಲಿಯಾಗುತ್ತದೆ, ಅದರ ಹಿಂದೆ ಗುಲ್‌ಮೊಹರ್ ಬರುತ್ತದೆ. ಇದನ್ನು ಒಂದೇ ಬೆಳಗ್ಗೆ ತೋರಿಸುತ್ತೇವೆ ಅಂತ ನಾವು ಇಷ್ಟು ದಿನ ಮಾಡಿದ್ದು ಸರಿಯಲ್ಲ ಅಂತ ಈಗ ಅನ್ನಿಸುತ್ತದೆ.

ನೆಲದ ವಿಷಯವೂ ಒಂದಿದೆ. ಮರದ ಸಣ್ಣ ಬೇರುಗಳು ಹೆಚ್ಚಿನವು ಮೇಲ್ಮಣ್ಣಿನಲ್ಲೇ ಇರುತ್ತವೆ. 30 ಜನ ಬುಡದ ಸುತ್ತ ನಿಂತು ನಿಂತು ಮಣ್ಣು ಗಟ್ಟಿಯಾದರೆ ಮಳೆ ನೀರು ಇಳಿಯುವುದಿಲ್ಲ, ಬೇರಿಗೆ ಗಾಳಿಯೂ ಸಿಗುವುದಿಲ್ಲ. ಪ್ರೀತಿಯಿಂದಲೇ ತುಳಿದೆವು, ಆದರೂ ತುಳಿತ ತುಳಿತವೇ ಅಲ್ವಾ. 12 ಜನ ಆದರೆ ದಾರಿಯ ಮೇಲೇ ನಿಂತು ನೋಡಬಹುದು.

ಆ 7 ಮರ ಯಾವುವು ಅಂದರೆ ನಾಗಲಿಂಗ, ಬಿಳಿ ಬೂರುಗ, ಹೊಂಗೆ, ಅತ್ತಿ, ಕಕ್ಕೆ, ಜಕರಾಂಡ, ಮಳೆ ಮರ. ಹೊಂಗೆ ಯಾಕೆ, ಅದು ನಮ್ಮ ಬೀದಿಯಲ್ಲೇ ಇದೆಯಲ್ಲ ಅಂತ ಇಬ್ಬರು ಆಗಲೇ ಕೇಳಿದ್ದಾರೆ. ಅದಕ್ಕೇ ಹೊಂಗೆ. ಯುಗಾದಿ ಹೊತ್ತಿಗೆ ಅದರ ಚಿಗುರು ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಆಮೇಲೆ ಬುಡದ ತುಂಬಾ ಹೂವು, ಆಮೇಲೆ ಎಲೆಯೊಳಗೆ ಹುಳ ಕೊರೆದ ಬಿಳಿ ಗೆರೆ. ಇಲ್ಲಿ ನೋಡಿ ಕಲಿತದ್ದನ್ನು ನಿಮ್ಮ ಮನೆ ಮುಂದೆ ದಿನಾ ನೋಡಬಹುದು. ಅತ್ತಿ ಹಣ್ಣು ಬಿಚ್ಚಿದರೆ ಹುಳು ಅಂತಾರಲ್ಲ, ಆ ಹುಳುವೇ ಅತ್ತಿಯ ಬದುಕು: ಒಂದು ಪುಟ್ಟ ಹೆಣ್ಣು ಕಣಜ ಸಣ್ಣ ತೂತಿನಿಂದ ಒಳಗೆ ನುಗ್ಗುತ್ತದೆ, ನುಗ್ಗುವಾಗ ರೆಕ್ಕೆ ಕಳೆದುಕೊಳ್ಳುತ್ತದೆ, ಒಳಗಿನ ಹೂವುಗಳಿಗೆ ಪರಾಗ ಮುಟ್ಟಿಸಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಇದನ್ನು ಭೂತಗನ್ನಡಿ ಹಿಡಿದು ತೋರಿಸುತ್ತೇವೆ. ಬಿಳಿ ಬೂರುಗ ಚಳಿಗಾಲದಲ್ಲಿ ಬೋಳಾಗಿ, ಬೇಸಿಗೆಯಲ್ಲಿ ಹತ್ತಿ ಹಾರಿಸುತ್ತದೆ. ಮಳೆ ಮರ ಮೋಡ ಕವಿದ ದಿನ ಎಲೆ ಮಡಚಿಕೊಂಡು ನಿಂತಿರುತ್ತದೆ, ಬಿಸಿಲಿನ ದಿನ ಬಂದವರಿಗೆ ಅದು ಬೇರೆ ಮರದ ಹಾಗೇ ಕಾಣುತ್ತದೆ.

ಬಂಡೆ, ಗಾಜಿನ ಮನೆ ಬಿಟ್ಟಿದ್ದು ನಮಗೂ ಕಷ್ಟವೇ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲಿನ ಮೇಲೆ ನಿಂತು ಸೂರ್ಯೋದಯ ನೋಡುವುದು ಬೇರೆಯೇ. ಅಲ್ಲಿಗೆ ನೀವೇ ಹೋಗಿ ಬನ್ನಿ, ಅದಕ್ಕೆ ನಾವು ಬೇಕಿಲ್ಲ, ನಮಗೆ ದುಡ್ಡೂ ಕೊಡಬೇಕಿಲ್ಲ.

ಇನ್ನು ದುಡ್ಡಿನ ವಿಷಯ. ಒಂದು ನಡಿಗೆಗೆ 400 ರೂಪಾಯಿ ಇತ್ತು. ಈಗ 12 ತಿಂಗಳಿಗೆ ಸೇರಿ 3,000, ಅಂದರೆ ಒಂದು ಸಲಕ್ಕೆ 250. ದೊಡ್ಡವರ ಜೊತೆ ಬರುವ 10 ವರ್ಷದೊಳಗಿನ ಮಕ್ಕಳಿಗೆ ಏನೂ ಇಲ್ಲ. ಒಂದೇ ಸಲ ಬರುವವರು ಜಾಗ ಉಳಿದಿದ್ದರೆ ಹಳೆಯ ದರದಲ್ಲೇ ಬರಬಹುದು, ಆದರೆ ಮೊದಲ ಅವಕಾಶ ವರ್ಷಕ್ಕೆ ಸೇರಿದವರಿಗೆ. ಆಗಲೇ ದುಡ್ಡು ಕಟ್ಟಿದವರಿಗೆ ಹೊಸ ರೀತಿ ಬೇಡ ಅನ್ನಿಸಿದರೆ ಪೂರ್ತಿ ವಾಪಸ್ ಕೊಡುತ್ತೇವೆ, ಕಾರಣ ಕೇಳುವುದಿಲ್ಲ. ಜೂನ್ ಮುಗಿಯುವುದರೊಳಗೆ ಒಂದು ಮೆಸೇಜ್ ಹಾಕಿ. ಮೊದಲ ಕೆಲವು ತಿಂಗಳು ನಮಗೆ ಆದಾಯ ಕಮ್ಮಿ ಆಗುತ್ತದೆ, ಅದು ಗೊತ್ತಿದ್ದೇ ಈ ತೀರ್ಮಾನ ಮಾಡಿದ್ದೇವೆ.

ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ 7:30ಕ್ಕೆ, ಮೆಟ್ರೋ ನಿಲ್ದಾಣಕ್ಕೆ ಹತ್ತಿರದ ಪಶ್ಚಿಮ ದ್ವಾರದಲ್ಲಿ ಸೇರೋಣ. ಆಗಸ್ಟಿನಲ್ಲಿ ಮಾತ್ರ ಕೊನೆಯ ಭಾನುವಾರ, ಯಾಕೆಂದರೆ ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನದ ಜನಜಂಗುಳಿಯಲ್ಲಿ ಮರದ ಹತ್ತಿರ ನಿಲ್ಲಲು ಆಗುವುದಿಲ್ಲ. ಒಂದು ನೋಟ್‌ಬುಕ್, ಪೆನ್ಸಿಲ್ ತನ್ನಿ. ಹೂವು ಕೀಳಬೇಡಿ, ಬಿದ್ದಿದ್ದನ್ನು ನೋಡಿ ಅಲ್ಲೇ ಬಿಡಿ.

ಆ ಹಿರಿಯರಿಗೆ ಮೊದಲು ಫೋನ್ ಮಾಡಿ ವಿಷಯ ಹೇಳಿದೆವು. ಬರುತ್ತೇನೆ ಅಂದಿದ್ದಾರೆ. ಜುಲೈ ನಡಿಗೆ ನಾಗಲಿಂಗದಿಂದಲೇ ಶುರು, ಅಲ್ಲಿಂದ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಅವರೇ ಹೇಳುತ್ತಾರೆ.

ನಿಮ್ಮ,
ಲಾಲ್‌ಬಾಗ್ ನಡಿಗೆಯ ನಾಲ್ವರು