ಊಟದ ಡಬ್ಬಿ ಮುಚ್ಚಿಟ್ಟ ಆ ಮೇಡಂಗೆ ಥ್ಯಾಂಕ್ಸ್

ಪಿಯುಸಿ ಸೈನ್ಸ್ ಪಾಸಾಗಿದ್ದೆ, ಆದರೆ ಸಿಇಟಿ ಮೂಲಕ ಬಿ.ಫಾರ್ಮ್‌ಗೆ (ಫಾರ್ಮಸಿ ಡಿಗ್ರಿ) ಜನರಲ್ ಕೆಟಗರಿಯವರಿಗೆ ಬೇಕಾದ ಶೇ. 45 ಮಾರ್ಕ್ಸ್ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಸುಮ್ಮನಾಗಿಬಿಟ್ಟಿದ್ದರು. ಆದರೂ ಒಂದು ಸಲ ಕೇಳಿಬಿಡೋಣ ಅಂತ ಅಪ್ಪ ಒಂದು ಫಾರ್ಮಸಿ ಕಾಲೇಜಿನ ಆಫೀಸಿಗೆ ಕರೆದುಕೊಂಡು ಹೋದರು.

ಊಟದ ಹೊತ್ತು. ಕೌಂಟರ್‌ನಲ್ಲಿದ್ದ ಮೇಡಂ ಆಗಷ್ಟೇ ತೆಗೆದಿದ್ದ ಡಬ್ಬಿಯ ಮುಚ್ಚಳ ಮತ್ತೆ ಹಾಕಿ, ಅಪ್ಪನಿಗೆ ಕುರ್ಚಿ ಎಳೆದುಕೊಟ್ಟರು. ನನ್ನ ಮಾರ್ಕ್ಸ್ ಕಾರ್ಡ್ ನೋಡಿದಾಗ ಅವರ ಮುಖ ಸ್ವಲ್ಪವೂ ಬದಲಾಗಲಿಲ್ಲ. ಅರ್ಧ ಭಯ ಅಲ್ಲೇ ಹೋಯಿತು.

"ಡಿ.ಫಾರ್ಮ್, ಅಂದ್ರೆ ಫಾರ್ಮಸಿ ಡಿಪ್ಲೊಮಾ ಮಾಡಪ್ಪ, ಅದಕ್ಕೆ ಸೈನ್ಸ್ ಪಾಸಾಗಿದ್ರೆ ಸಾಕು" ಅಂದರು. ಒಂದು ಹಳೇ ಅರ್ಜಿಯ ಹಿಂದೆ ಬರೆದು ತೋರಿಸಿದರು: 2 ವರ್ಷ ಓದು, ಆಮೇಲೆ 500 ಗಂಟೆ ಟ್ರೈನಿಂಗ್, ಬೇಕಿದ್ದರೆ ಲ್ಯಾಟರಲ್ ಎಂಟ್ರಿಯಲ್ಲಿ ಸೀದಾ ಬಿ.ಫಾರ್ಮ್ 2ನೇ ವರ್ಷಕ್ಕೆ. ಅವರ ಕಾಲೇಜಿನಲ್ಲಿ ಡಿ.ಫಾರ್ಮ್ ಇರಲೇ ಇಲ್ಲ, ಆದರೂ ಇಷ್ಟೆಲ್ಲ ಹೇಳಿದರು ನೋಡಿ! ಎಲ್ಲೇ ಸೇರಿದರೂ ಪಿಸಿಐ (ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ) ಮಾನ್ಯತೆ ಇದೆಯಾ ಅಂತ ಮೊದಲು ನೋಡಿ, ಇಲ್ಲಾಂದ್ರೆ ಫಾರ್ಮಸಿಸ್ಟ್ ರಿಜಿಸ್ಟ್ರೇಷನ್ ಸಿಗಲ್ಲ ಅಂತ ಬರೆದು, ಆ ಸಾಲಿನ ಕೆಳಗೆ ಎರಡು ಗೆರೆ ಎಳೆದರು.

ವಾಪಸ್ ಬರುವಾಗ ಬಸ್‌ನಲ್ಲಿ ಅಪ್ಪ ತುಂಬಾ ದಿನದ ಮೇಲೆ ಮಾತಾಡಿದರು. ಮೇಡಂ, ನಿಮ್ಮ ಹೆಸರು ಕೇಳಲಿಲ್ಲ. ನನಗೆ ಸೀಟು ಸಿಕ್ಕಿತು, ಕ್ಲಾಸೂ ಶುರುವಾಗಿದೆ. ತುಂಬಾ ಥ್ಯಾಂಕ್ಸ್.