ನಿಮ್ಮ ಅಪ್ಪಯ್ಯ ಪಾಜ್ ಒತ್ತುತ್ತಿದ್ದ ಜಾಗ

ಮಾರಾಯಾ,

ಹೆಂಗಿದೀಯ? ಇಲ್ಲಿ ತೀರ್ಥಹಳ್ಳಿಲಿ ಎಂಟು ದಿನದಿಂದ ಬಿಟ್ಟೂ ಬಿಡದೆ ಹೊಯ್ತಾ ಇದೆ, ತುಂಗೆ ಕೆಂಪಾಗಿ ತುಂಬಿ ಹರೀತಿದಾಳೆ, ರಾಮ ಮಂಟಪ ಮುಳುಗೋಕೆ ಇನ್ನೇನು ಸ್ವಲ್ಪ ಬಾಕಿ. ತೋಟದ ಕಡೆ ಕಾಲಿಡೋ ಹಂಗಿಲ್ಲ, ಅದಕ್ಕೇ ಈ ಪತ್ರ. ಫೋನಲ್ಲಿ ಹೇಳೋಣ ಅಂತ ಎರಡ್ಮೂರು ಸಲ ಶುರು ಮಾಡ್ದೆ, ನೀನು ಆಫೀಸ್ ಗಡಿಬಿಡಿಲಿ ಇರ್ತೀಯ, ನಂಗೂ ಬಾಯಲ್ಲಿ ಸರಿಯಾಗಿ ಬರ್ಲಿಲ್ಲ.

ಹೋದ ಬೇಸಿಗೆಲಿ ನಿಮ್ಮನೆ ಹೆಂಚು ತೆಗ್ಸಿ ಶೀಟ್ ಹಾಕ್ಸಿದ್ರಲ್ಲ, ಆವಾಗ ಅಟ್ಟ ಖಾಲಿ ಮಾಡುವಾಗ ಅಮ್ಮ ನನ್ನ ಕರ್ದು ಒಂದು ಗೋಣಿಚೀಲ ಕೊಟ್ರು. "ಇದನ್ನ ಎಸೆಯಕ್ಕೆ ಮನಸು ಬರಲ್ಲ, ಇಟ್ಕೊಳ್ಳೋಕೆ ಜಾಗ ಇಲ್ಲ, ನೀ ತಗಂಡ್ ಹೋಗು" ಅಂದ್ರು. ಬಿಚ್ಚಿ ನೋಡಿದ್ರೆ 41 ವಿಡಿಯೋ ಕ್ಯಾಸೆಟ್. ನಿಮ್ಮ ಅಪ್ಪಯ್ಯ ದೂರದರ್ಶನದಿಂದ ರೆಕಾರ್ಡ್ ಮಾಡ್ಕೊಂಡಿದ್ದು, ಒಂದೊಂದರ ಬೆನ್ನಿಗೂ ಅವರದ್ದೇ ಅಕ್ಷರದಲ್ಲಿ ಸಿನಿಮಾ ಹೆಸರು, ತಾರೀಕು. ಕೆಲವಕ್ಕೆ ಕೆಂಪು ಇಂಕಲ್ಲಿ "ಅಳಿಸಬೇಡಿ" ಅಂತ ಬೇರೆ.

ಬಹುಪಾಲು ಬೂಷ್ಟು ಹಿಡ್ದಿದ್ವು. ನಮ್ಮ ಮಲ್ನಾಡಲ್ಲಿ ಚಪ್ಪಲಿ ಬೆಲ್ಟನ್ನೇ ಬಿಡದ ಬೂಷ್ಟು ಟೇಪನ್ನ ಬಿಡುತ್ತಾ? ಕ್ಯಾಸೆಟ್ ಕಿಟಕಿಯಿಂದ ನೋಡಿದ್ರೆ ಸುರುಳಿ ಮೇಲೆ ಬಿಳಿ ಹಿಟ್ಟು ಉದುರಿಸಿದಂಗೆ ಕಾಣುತ್ತೆ. ಅದನ್ನ ಹಂಗೇ ಡೆಕ್ಕಿಗೆ, ಅಂದ್ರೆ ಕ್ಯಾಸೆಟ್ ಓಡ್ಸೋ ವಿಸಿಆರಿಗೆ, ಹಾಕಿದ್ರೆ ಟೇಪ್ ಓದೋ ಹೆಡ್ ಹಾಳಾಗೋದು ಒಂದು ಕಡೆ, ಆ ಬೂಷ್ಟು ಆಮೇಲೆ ಹಾಕೋ ಒಳ್ಳೇ ಕ್ಯಾಸೆಟ್ಟಿಗೂ ಅಂಟ್ಕೊಳ್ಳುತ್ತೆ. ಹಂಗಾಗಿ ಮೊದ್ಲು ಪಸೆ ಹೀರೋ ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬಿಲಿ ಮುಚ್ಚಿಟ್ಟು ವಾರಗಟ್ಟಲೆ ಒಣಗ್ಸೋದು, ಬಿಸಿಲಿಗೂ ಇಡ್ಬಾರ್ದು ಒಲೆ ಹತ್ರನೂ ಇಡ್ಬಾರ್ದು, ಟೇಪು ಸೊಟ್ಟ ಆಗುತ್ತೆ. ಆಮೇಲೆ ಐದು ಸ್ಕ್ರೂ ಬಿಚ್ಚಿ, ಮೂಗಿಗೆ ಮಾಸ್ಕ್ ಹಾಕ್ಕೊಂಡು ಜಗಲಿಲಿ ಕೂತು, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗ್ಸಿದ ಮೆತ್ತನೆ ಬಟ್ಟೆ ನಡುವೆ ನಿಧಾನಕ್ಕೆ ಸುತ್ತೋದು. ಮೂರು ಗಂಟೆ ಕ್ಯಾಸೆಟ್ಟಲ್ಲಿ ಎಷ್ಟು ಟೇಪ್ ಇರುತ್ತೆ ಗೊತ್ತಿತ್ತನಾ ನಿಂಗೆ? ಹತ್ತತ್ರ 258 ಮೀಟರ್! ನಿಮ್ಮನೆ ದಣಪೆಯಿಂದ ಹೊಳೆ ತನಕ ಎಳೀಬೋದು. ಒಂದು ಕ್ಯಾಸೆಟ್ಟಿಗೆ ಒಂದು ದಿನ ಅಂತ ಲೆಕ್ಕ ಇಟ್ಕೊಂಡೆ, ಅದ್ರಲ್ಲೂ ಆರು ಉಳೀಲಿಲ್ಲ, ಪದರ ಪದರ ಅಂಟ್ಕೊಂಡು ಕಿತ್ತೇ ಹೋದ್ವು. ತುಂಬಾ ಬೇಜಾರಾಯ್ತು.

ಡೆಕ್ಕಿನ ಕತೆ ಬೇರೆ. ಶಿವಮೊಗ್ಗದಲ್ಲಿ ಒಬ್ರು ರಿಪೇರಿಯವರು "ಇದ್ನೆಲ್ಲ ಯಾರ್ ನೋಡ್ತಾರೆ, ಗುಜರಿಗೆ ಹಾಕಿ" ಅಂದ್ರು. ಗುಜರಿಗೆ ಹೋದೆ, ಆದ್ರೆ ಹಾಕೋಕಲ್ಲ ತರೋಕೆ. ಎರಡು ಸತ್ತ ಅಕಾಯ್ ಡೆಕ್ ತಂದೆ, ಒಂದರ ಬೆಲ್ಟು ಕರಗಿ ಡಾಂಬರಿನಂಗೆ ಆಗಿತ್ತು, ಇನ್ನೊಂದರ ರಬ್ಬರ್ ಚಕ್ರ ಕಲ್ಲಿನಂಗೆ ಗಟ್ಟಿ, ಎರಡೂ ಸೇರ್ಸಿ ಒಂದು ಮಾಡ್ದೆ. ಹೊಸ ವಿಸಿಆರ್ ಅಂತೂ ಇನ್ನು ಸಿಗಲ್ಲ, ಜಪಾನಿನ ಫುನಾಯ್ ಕಂಪನಿಯವ್ರು ಕೊನೇವರೆಗೆ ಮಾಡ್ತಿದ್ರು, ಅವ್ರೂ 2016ರ ಜುಲೈಲಿ ನಿಲ್ಸಿದ್ರು. ಟಿವಿನೂ ಹಳೇ ಡಬ್ಬಾ ಟಿವಿನೇ ಇಟ್ಕೊಂಡಿದೀನಿ. ಹೊಸ ಟಿವಿಗೆ ಹಾಕಿದ್ರೆ ಚಿತ್ರ ಚೂರು ಅಲುಗಾಡಿದ್ರೂ ಸಿಗ್ನಲ್ ಇಲ್ಲ ಅಂತ ನೀಲಿ ಪರದೆ ಬಂದ್ಬಿಡುತ್ತೆ. ಡಬ್ಬಾ ಟಿವಿ ಹಂಗಲ್ಲ, ಎಷ್ಟು ಅಲುಗಾಡಿದ್ರೂ ಏನೋ ಒಂದು ತೋರಿಸುತ್ತೆ. ಮಳೆಗಾಲದಲ್ಲಿ ಡೆಕ್ಕಿನೊಳಗೆ ಪಸೆ ಕೂತ್ರೆ ಟೇಪು ಹೆಡ್ ಕೂರ್ಸಿರೋ ತಿರುಗೋ ಡ್ರಮ್ಮಿಗೆ ಅಂಟುತ್ತೆ, ಅದಕ್ಕೆ ಬೀರುವಿನೊಳಗೆ ಒಂದು ಬಲ್ಬ್ ಹಚ್ಚಿ ಅಲ್ಲೇ ಇಟ್ಟಿರ್ತೀನಿ.

ಒಂದು ಕ್ಯಾಸೆಟ್ಟಲ್ಲಿ ಮಾಲ್ಗುಡಿ ಡೇಸ್‌ನ ಅರ್ಧ ಕಂತು ಸಿಕ್ತು ನೋಡು, ಶಂಕರ್ ನಾಗ್ ಆಗುಂಬೆಲಿ ತೆಗ್ದಿದ್ದು. ಆ ಬೀದಿ, ಆ ಹೆಂಚಿನ ಸಾಲು ನೋಡ್ತಾ ಕತೆ ಮರ್ತೇ ಹೋಯ್ತು ನಂಗೆ. ಅದೇನೋ ಎಲ್ಲ ಕಡೆ ಸಿಗುತ್ತೆ ಬಿಡು. ಆದ್ರೆ ಎಲ್ಲದಕ್ಕೂ ಆ ಭಾಗ್ಯ ಇಲ್ಲ ಮಾರಾಯ. 1934ರಲ್ಲಿ ಬಂದ ಕನ್ನಡದ ಮೊದಲ ಟಾಕಿ ಸತಿ ಸುಲೋಚನಾದ ಒಂದು ಪ್ರಿಂಟೂ ಉಳ್ದಿಲ್ಲ. ಯಾರ್ದೋ ಮನೆ ಅಟ್ಟದಲ್ಲಿರೋ ಕ್ಯಾಸೆಟ್ ಎಸೆಯುವಾಗ ಎರಡ್ಸಲ ಯೋಚ್ನೆ ಮಾಡ್ಬೇಕು ಅಂತ ನಾನು ಕಂಡೋರಿಗೆಲ್ಲ ಹೇಳೋದು ಇದಕ್ಕೇ.

ಈಗ ಅಸಲು ವಿಷ್ಯ. ಆ ಕಪ್ಪು ಬಿಳುಪು ಸಿನಿಮಾ ಇದ್ಯಲ್ಲ, ಅಣ್ಣ ಮನೆಬಿಟ್ಟು ಹೋಗೋದು, ಅದರ ಕ್ಯಾಸೆಟ್ ಸಿಕ್ತು. ಯಾವ್ದು ಅಂತ ನಿಂಗೆ ಹೇಳೋದು ಬ್ಯಾಡ. ರೆಕಾರ್ಡ್ ಮಾಡಿದ ದಿನ ಅರ್ಧದಲ್ಲಿ ಕರೆಂಟ್ ಹೋಗಿತ್ತಲ್ಲ, ಬಂದಮೇಲೆ ಅಪ್ಪಯ್ಯ ಓಡಿ ಹೋಗಿ ಮತ್ತೆ ರೆಕಾರ್ಡ್ ಒತ್ತಿದ್ರು. ಟೇಪಲ್ಲಿ ಆ ಜಾಗದಲ್ಲಿ ಖಾಲಿ ಏನೂ ಇಲ್ಲ, ಎರಡು ಸೆಕೆಂಡು ಅಡ್ಡ ಗೆರೆ ಬಂದು ಚಿತ್ರ ಜಿಗಿಯುತ್ತೆ, ಮನೆಬಿಟ್ಟು ಹೋಗಿದ್ದ ಅಣ್ಣ ಏಕ್ದಂ ಊಟಕ್ಕೆ ಕೂತಿರ್ತಾನೆ. ಅಪ್ಪಯ್ಯ ಪ್ರತಿ ಸಲ ಸರಿಯಾಗಿ ಅಲ್ಲಿಗೆ ಬಂದಾಗ ಪಾಜ್ ಒತ್ತಿ, ಎಲೆ ಅಡಿಕೆ ಕವಳ ಬಾಯಿಗಿಟ್ಕೊಂಡು, "ಇಲ್ಲಿ ಎಂತ ಆಯ್ತು ಅಂದ್ರೆ" ಅಂತ ಶುರು ಮಾಡೋರು. ನಾವು ಹತ್ತು ಹುಡುಗ್ರು ಚಾಪೆ ಮೇಲೆ.

ಮೊನ್ನೆ ಹಾಕಿ ನೋಡಿದ್ನಾ, ಬೇರೆ ಎಲ್ಲ ಕಡೆ ಚಿತ್ರ ಚೆನ್ನಾಗಿದೆ, ಆ ಒಂದು ಜಾಗದಲ್ಲಿ ಮಾತ್ರ ಬಿಳಿ ಚುಕ್ಕೆ ಸುರೀತವೆ. ಬೂಷ್ಟು ಅಂದ್ಕೊಂಡು ಮತ್ತೆ ಒರೆಸ್ದೆ, ಹೋಗ್ಲಿಲ್ಲ. ಆಮೇಲೆ ಹೊಳೀತು. ಪಾಜ್ ಒತ್ತಿದಾಗ ಟೇಪು ನಿಂತಿರುತ್ತೆ, ಡ್ರಮ್ ನಿಲ್ಲಲ್ಲ, ಸೆಕೆಂಡಿಗೆ 25 ಸುತ್ತು ಅದೇ ಜಾಗ ಉಜ್ತಾ ಇರುತ್ತೆ. ಐದು ನಿಮಿಷಕ್ಕೆ 7500 ಸುತ್ತು. ಅಪ್ಪಯ್ಯ ಕತೆ ಹೇಳೋವಷ್ಟು ಹೊತ್ತೂ ಅಲ್ಲಿ ಟೇಪು ಸವೀತಿತ್ತು, ವರ್ಷಗಟ್ಟಲೆ. ಅದು ಗೊತ್ತಾದಮೇಲೆ ನಾನು ಟಿವಿ ಆರ್ಸಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಇನ್ನೂ ಒಂದಿದೆ. ಅದೇ ಸಿನಿಮಾ ಪೂರ್ತಿ ಯೂಟ್ಯೂಬಲ್ಲಿ ಇದೆ ಅಂತ ಗೊತ್ತಾಗಿ ಆ ಬಿಟ್ಟುಹೋದ ಭಾಗ ನೋಡ್ದೆ. ಅಣ್ಣ ಬಸ್ಸಿಳಿದು ಬರ್ತಾನೆ, ಅವನ ಹೆಂಡ್ತಿ ಬಾಗಿಲು ತೆಗೀತಾಳೆ, ಒಂದು ಹಾಡು, ಮುಗೀತು. ಅಷ್ಟೇ! ಹೊಳೆ ಇಲ್ಲ, ದೋಣಿ ಇಲ್ಲ, ನೆರೆ ಇಲ್ಲ. ನಮಗೆ ಅಪ್ಪಯ್ಯ ಹೇಳಿದ್ದು ತುಂಬಿದ ಹೊಳೆಲಿ ನಡುರಾತ್ರಿ ಅಣ್ಣ ದೋಣಿ ದಾಟಿ ಬರ್ತಾನೆ, ದೋಣಿಯವ ಮೊದ್ಲು ಒಲ್ಲೆ ಅಂತಾನೆ, ಮನೆ ಮುಟ್ಟಿದಾಗ ಕತ್ಲೆಲಿ ಮುಖ ಕಾಣ್ದಿದ್ರೂ ಅವನ ಕೆಮ್ಮಿಗೇ ತಾಯಿಗೆ ಗುರುತು ಸಿಗುತ್ತೆ. ಅವರೂ ಆ ದಿನ ಕತ್ಲಲ್ಲಿ ಕೂತಿದ್ದೋರೇ ಅಲ್ವನಾ, ಆ ಭಾಗ ಅವರೂ ಕಂಡಿರ್ಲಿಲ್ಲ. ಅಷ್ಟೂ ಅವರೇ ಕಟ್ಟಿದ್ದು. ನಂಗೆ ಸಿನಿಮಾದ್ದಕ್ಕಿಂತ ಅದೇ ಚೆನ್ನಾಗಿ ಕಾಣುತ್ತೆ, ಈಗ್ಲೂ.

ಎಲ್ಲ ಕ್ಯಾಸೆಟ್ಟೂ ಕಂಪ್ಯೂಟರಿಗೆ ಇಳಿಸ್ತಾ ಇದೀನಿ, ನಿಂಗೂ ಒಂದು ಹಾರ್ಡ್ ಡಿಸ್ಕಲ್ಲಿ ಹಾಕಿ ಕೊಡ್ತೀನಿ. ಆದ್ರೆ ಈ ಒಂದರಲ್ಲಿ ಯೂಟ್ಯೂಬಿನ ತುಂಡು ಸೇರ್ಸೋಕೆ ನಂಗೆ ಮನಸಿಲ್ಲ. ಅಲ್ಲಿ ಅಪ್ಪಯ್ಯನ ಕತೆ ಬರ್ಬೇಕು. ನಂಗೆ ಅರ್ಧಂಬರ್ಧ ನೆನಪು. ಬಾಗಿಲಲ್ಲಿ ತಾಯಿ ಅವನಿಗೆ ಎಂತದೋ ಒಂದು ಮಾತು ಹೇಳ್ತಾಳಲ್ಲ, ಅದು ಎಷ್ಟು ತಲೆ ಕೆರ್ಕೊಂಡ್ರೂ ಬರ್ತಾ ಇಲ್ಲ, ಅಮ್ಮನ್ನ ಕೇಳ್ದೆ, ಅವರು ಆ ಹೊತ್ತಿಗೆ ಯಾವಾಗ್ಲೂ ಅಡುಗೆ ಮನೇಲಿ ಇರ್ತಿದ್ರಂತೆ. ದೋಣಿಯವ ದುಡ್ಡು ತಗೊಂಡ್ನಾ ಇಲ್ವಾ ಅನ್ನೋದೂ ಮರ್ತಿದೆ. ನಿಂಗೆ ನೆನಪಿದ್ರೆ ಫೋನಲ್ಲಿ ರೆಕಾರ್ಡ್ ಮಾಡಿ ಕಳ್ಸು, ಅವರು ಹೇಳ್ತಿದ್ದ ಹಂಗೇ, ನಿಧಾನಕ್ಕೆ.

ದೀಪಾವಳಿಗೆ ಬರ್ತೀಯಲ್ಲ? ಅಲ್ಲಿ ಹಳೇ ಎಲೆಕ್ಟ್ರಾನಿಕ್ಸ್ ಅಂಗಡಿಲಿ ವಿಸಿಆರ್ ಬೆಲ್ಟ್ ಸಿಕ್ಕಿದ್ರೆ ನಾಕೈದು ತಗಂಡ್ ಬಾ, ಸೈಜ್ ಅಳೆದು ಮೆಸೇಜ್ ಮಾಡ್ತೀನಿ.

ಇಂತಿ,
ಹೊಳೆಬದಿ ಮನೆಯವ